ಕೊನೆಯ ತಂಬಿಗೆಯ ಬಿಸಿ

ಹಾಗಲಬಳ್ಳಿಯ ಕಹಿ ವಾಸನೆ ಕೈಗೆ ಅಂಟಿಕೊಂಡಿದೆ. ನಾಳೆ ನರಕ ಚತುರ್ದಶಿ. ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಹಿಂದಿನ ಬಾಲ್ಕನಿಯಲ್ಲಿ ನೀರು ಕಾಯಿಸುವ ಹೀಟ್ ಪಂಪಿನ ಟ್ಯಾಂಕಿಗೆ ಬಳ್ಳಿ ಸುತ್ತುತ್ತಿದ್ದೇನೆ. ನಡುವಿಗೆ ಮಾತ್ರ, ಕೊರಳಿಗಲ್ಲ. ಯಾಕೆಂದು ಕೇಳಿದರೆ ನಿಮಗೆ ಉಳ್ಳೂರಿನ ಅವ್ವನ ವಿಷಯ ಹೇಳಬೇಕು.

ತಿರುವನಂತಪುರದಲ್ಲಿ ನಾನು ವರದಿಗಾರನಾಗಿದ್ದಾಗ ಉಳ್ಳೂರು ಬಡಾವಣೆಯಲ್ಲಿ ಪಕ್ಕದ ಮನೆಯಲ್ಲಿದ್ದವರು ಧಾರವಾಡದ ಶಿವಾನಂದ, ರಾಕೆಟ್ ವಿಜ್ಞಾನಿ. ಅವರ ತಾಯಿ ನಮಗೆಲ್ಲ ಅವ್ವ. ಮನೆಮಂದಿಯೆಲ್ಲ ಮಿಂದ ಮೇಲೆಯೇ ಅವ್ವನ ಸ್ನಾನ. ಅಷ್ಟು ಹೊತ್ತಿಗೆ ಗೀಸರ್ ತಣ್ಣಗಾಗಿರುತ್ತಿತ್ತು. ಮೊಣಕಾಲು ನೋವಿಗೆ ಬಿಸಿನೀರೇ ಮದ್ದು ಎನ್ನುತ್ತಿದ್ದವರು ಉಗುರುಬೆಚ್ಚಗಿನ ನೀರನ್ನೇ ಹೊಯ್ದುಕೊಳ್ಳುತ್ತಿದ್ದರು. ಮೊದಲು ಮೀಯಿರಿ ಎಂದರೆ ಕೇಳುವವರಲ್ಲ. ಕೊನೆಗೆ ಶಿವಾನಂದ ದೊಡ್ಡ ಟ್ಯಾಂಕಿನ ಹೀಟ್ ಪಂಪ್ ತಂದರು.

ಫ್ರಿಜ್ ತನ್ನೊಳಗಿನ ಬಿಸಿಯನ್ನು ಹೊರಗೆ ಹಾಕುತ್ತದಲ್ಲ, ಇದು ಹೊರಗಾಳಿಯ ಬಿಸಿಯನ್ನು ಹೀರಿ ನೀರಿಗೆ ಕೊಡುತ್ತದೆ. ಕರೆಂಟು ಬೇಕಾಗುವುದು ಆ ಸಾಗಾಟಕ್ಕಷ್ಟೇ. ನಾವು ದಿನವೂ ಬೈಯುತ್ತಿದ್ದ ಆ ಊರಿನ ಸೆಕೆ ಒಂದು ಕೆಲಸಕ್ಕೆ ಬಂದದ್ದನ್ನು ನಾನು ಕಂಡದ್ದು ಅಲ್ಲೇ. ಯಂತ್ರ ಬಿಟ್ಟ ತಣ್ಣನೆಯ ಗಾಳಿಗೆ ಮುಖವೊಡ್ಡಿ ಅವ್ವ ಸೊಪ್ಪು ಸೋಸುತ್ತಿದ್ದರು.

ನೀರು ತುಂಬುವ ಹಬ್ಬದ ಸಂಜೆ ಅವ್ವ ಟ್ಯಾಂಕಿನ ಹಳೆ ನೀರು ಚೆಲ್ಲಿಸಿ ಹೊಸ ನೀರು ತುಂಬಿಸಿದರು. ಚೇಚಿ ಎಂದು ನಾವು ಕರೆಯುತ್ತಿದ್ದ ಎದುರುಮನೆಯ ಮಲಯಾಳಿ ಅಕ್ಕನ ಚಪ್ಪರದಿಂದ ಹಾಗಲಬಳ್ಳಿ ತಂದು, ಹಂಡೆಗೆ ಸುತ್ತುವಂತೆ ಯಂತ್ರದ ಕೊರಳಿಗೆ ದಟ್ಟವಾಗಿ ಸುತ್ತಿದರು. ಗಾಳಿ ಒಳಹೋಗುವ ಜಾಲರಿ ಇದ್ದದ್ದೂ ಅಲ್ಲೇ.

ಹಬ್ಬದ ಸ್ನಾನಕ್ಕೆ ಅವ್ವ ನನ್ನನ್ನೂ ಕರೆದಿದ್ದರು. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಕೂತ ನಮಗೆ ಸಿಕ್ಕಿದ್ದು ತಣ್ಣೀರು. ಹಳೆ ಗೀಸರನ್ನೇ ಮತ್ತೆ ಹಾಕಿಸು ಎಂದು ಅವ್ವ ಮಗನಿಗೆ ಹೇಳಿಬಿಟ್ಟರು. ಶಿವಾನಂದ ಯಂತ್ರವನ್ನೊಮ್ಮೆ ನೋಡಿ ಬಂದು ಮೆಲ್ಲಗೆ ಹೇಳಿದರು:

“ಅವ್ವಾ, ಇದು ಉಸಿರಾಡೂದು ಕುತ್ತಿಗ್ಯಾಗಿಂದ. ಬಳ್ಳಿ ನಡಕ್ಕ ಕಟ್ಟೂಣೇನು?”

“ಹಂಡೇಕ ಉಸಿರು ಇರ್ತೈತಂತ ನನಗೇನು ಗೊತ್ತು? ರಾಕೆಟ್ ಬಿಡಾಂವ ನೀ, ಮೊದ್ಲ ಹೇಳಬಾರದಿತ್ತೇನು?”

ಬಳ್ಳಿಯನ್ನು ತಾವೇ ಇಳಿಸಿ ಕಟ್ಟಿದರು. ಆದರೆ ಹೀಟ್ ಪಂಪಿಗೆ ಅವಸರ ಗೊತ್ತಿಲ್ಲ. ಮಧ್ಯಾಹ್ನದವರೆಗೆ ಎಣ್ಣೆಮೈಯಲ್ಲಿ ಕೂತೆವು. ವರದಿಗೆ ವಿಳಿಂಜಂ ಬಂದರಿಗೆ ಹೊರಡು ಎಂದು ಕಚೇರಿಯಿಂದ ಕರೆ ಬಂದರೆ ಫೋನೂ ಎಣ್ಣೆಗೆ ನನ್ನ ಕಿವಿಯಿಂದ ಜಾರಿತು.

ಆವತ್ತೂ ಅವ್ವ ಮಿಂದದ್ದು ಕೊನೆಗೇ. ಶಿವಾನಂದ ಬಚ್ಚಲ ಬಾಗಿಲ ಹೊರಗೇ ನಿಂತಿದ್ದರು. ಕೆಂಪಗಾದ ಮುಖದಲ್ಲಿ ಹೊರಬಂದ ಅವ್ವ, “ಕಡೀ ತಂಬಿಗಿನೂ ಸುಡಾಕತ್ತಿತ್ತು,” ಎಂದರು. ಗೀಸರಿನ ಮಾತು ಮತ್ತೆ ಎತ್ತಲಿಲ್ಲ.

ಬಳ್ಳಿಯ ಗಂಟು ಬಿಗಿದಾಯಿತು; ಯಂತ್ರದಿಂದ ತಣ್ಣನೆಯ ಗಾಳಿ ಬರುತ್ತಿದೆ. ನಾಳೆ ಮೊದಲು ಯಾರು ಮೀಯುವುದೆಂದು ಹೆಂಡತಿ ಒಳಗಿನಿಂದ ಕೇಳಿದಳು. ಕೆಲಸಕ್ಕೆ ಓಡಬೇಕೆಂದು ಸದಾ ಮೊದಲ ಸರದಿ ಹಿಡಿಯುವವನು ನಾನು.

“ನೀವೆಲ್ಲ ಮೀಯಿರಿ, ನಾನು ಕೊನೆಗೆ,” ಎಂದೆ.