ಅಂಜನಮೂರ್ತಿಯ ಎರಡು ಸೀಸೆ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ತರಕಾರಿಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಮುಳ್ಳಿನ ಮೇಲೇ. ಹಾಗಿರುವಾಗ, ಜನ್ಮವೆಲ್ಲ ಬೋರ್‌ವೆಲ್ ಪಂಪು ಬಿಚ್ಚಿದ ಅಂಜನಮೂರ್ತಿಯ ಕೈಗೆ ನಮ್ಮ ದೋಣಿ ಸಿಕ್ಕರೆ ಸುಮ್ಮನಿರಲು ಆಗುತ್ತದೆಯೇ?

ನಾನು ಶಿವಮೂರ್ತಿ, ಗುಬ್ಬಿ ಕಡೆಯವನು. ಕುಣಿಗಲ್ ಹತ್ತಿರದ ಕೆರೆಯೊಂದರಲ್ಲಿ ಇಪ್ಪತ್ತು ಜನ ಕೂರುವ ಮೋಟಾರು ದೋಣಿ ಓಡಿಸುತ್ತೇನೆ. ಇಂಜಿನ್ನಿನಿಂದ ನೀರು ತಳ್ಳುವ ಹಿಂದಿನ ಫ್ಯಾನಿಗೆ ಉದ್ದನೆಯ ಶಾಫ್ಟು ಹೋಗುತ್ತದೆ. ನೀರೊಳಗೆ ಅದನ್ನು ಅಲುಗದಂತೆ ಹಿಡಿಯುವುದು ರಬ್ಬರಿನ ಒಂದು ಬೇರಿಂಗು. ಒಂದೇ ವರ್ಷದಲ್ಲಿ ಅದು ಎರಡು ಸಲ ಹಾಳಾಯಿತು. ಎರಡು ಸಲವೂ ಹಾಕಿದ್ದವನು ಅಂಜನಮೂರ್ತಿಯೇ. ಮೂರನೆಯದೂ ಕಿರುಗುಟ್ಟತೊಡಗಿದಾಗ ದೋಣಿಯ ಗುತ್ತಿಗೆದಾರ ಭಾನುಪ್ರಕಾಶ್, "ಇದೂ ಹೋದ್ರೆ ನಿನ್ ಕೆಲ್ಸಾನೂ ಹೋಯ್ತು ಅಂತ ತಿಳ್ಕೊ" ಅಂದರು. ಕೆಡಿಸುವವನು ಅವನು, ಮನೆಗೆ ಹೋಗುವವನು ನಾನೇ?

ಅವನನ್ನು ಕರೆಯಲು ತುಮಕೂರಿಗೆ ಹೋದೆ. ಶಿರಾ ಗೇಟ್‌ನಲ್ಲಿ ಇಪ್ಪತ್ತೈದು ವರ್ಷದಿಂದ ಅವನ ಅಂಗಡಿ. ಮಾತು ಕಡಿಮೆ, ಮೂಗು ಚುರುಕು. ಮೋಟಾರು ಸುಟ್ಟಿದೆಯೋ ಇಲ್ಲವೋ ಎಂದು ಮೀಟರಿಗೆ ಮೊದಲೇ ಮೂಸಿ ಹೇಳುತ್ತಾನೆ, ತಂದ ರೈತನಿಗೂ ಮೂಸಿಸುತ್ತಾನೆ. ಆ ದಿನ ಕಪಾಟಿನಲ್ಲಿ ಎರಡು ಸೀಸೆ ಕಂಡವು. ಒಳಗೆ ಏನೋ ದ್ರವದಲ್ಲಿ ಮುಳುಗಿಸಿಟ್ಟ, ಬಳೆಯಂತೆ ಕೊಯ್ದ ರಬ್ಬರು, ನಮ್ಮ ಬೇರಿಂಗಿನದೇ! ಒಂದರ ಮೇಲೆ ನನ್ನ ಹೆಸರಿನ ಚೀಟಿ ಬೇರೆ.

"ಏನ್ಲಾ ಇದು, ಮಾಟ ಗೀಟಾನಾ?" ಅಂದೆ.

"ನಾಳೆ ಬರ್ತೀನಿ. ಅಲ್ಲೇ ಹೇಳ್ತೀನಿ ನಡಿ" ಅಂದ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂದುಕೊಂಡೆ. ಹಳೆಯ ರಬ್ಬರನ್ನೇ ನೆನೆಹಾಕಿ, ಉಬ್ಬಿಸಿ, ಹೊಸದೆಂದು ತುರುಕುತ್ತಿದ್ದಾನೆ! ಬಸ್ ಹತ್ತುವ ಮೊದಲೇ ಭಾನುಪ್ರಕಾಶರಿಗೆ ಫೋನ್ ಮಾಡಿ, "ಸಾರ್, ಕಳ್ಳ ಸಿಕ್ಕವ್ನೆ" ಎಂದುಬಿಟ್ಟೆ.

ಮರುದಿನ ದೋಣಿಯನ್ನು ತೆಂಗಿನ ದಿಮ್ಮಿಗಳ ಮೇಲೆ ಉರುಳಿಸಿ ದಡಕ್ಕೆಳೆದೆವು. ನಾನು ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ. ಫ್ಯಾನು ಹಿಡಿದು ತಿರುಗಿಸಲು ನೋಡಿದ. ಕೈಯಲ್ಲೇ ತಿರುಗಬೇಕಿದ್ದ ಶಾಫ್ಟು ಜಪ್ಪಯ್ಯ ಅನ್ನಲಿಲ್ಲ. ಬೇರಿಂಗನ್ನು ಎಳೆದು ತೆಗೆದು, ಮೂಸಿ, ನನ್ನ ಮೂಗಿಗೂ ಹಿಡಿದ.

ಕೊಬ್ಬರಿ ಎಣ್ಣೆ!

ಹೌದು, ಹಾಕುತ್ತಿದ್ದವನು ನಾನೇ. ಪ್ರತಿ ಸೋಮವಾರ ಇಂಜಿನ್ನಿಗೆ ವಿಭೂತಿ ಹಚ್ಚಿ, ನಮ್ಮ ತೋಟದ ಕೊಬ್ಬರಿಯ ಗಾಣದೆಣ್ಣೆಯನ್ನು ಒಂದು ಲೋಟ ಶಾಫ್ಟಿನ ಕೊಳವೆಗೆ ಹುಯ್ಯುತ್ತಿದ್ದೆ. ಗಾಡಿಯ ಅಚ್ಚಿಗೂ ಎಣ್ಣೆ ಬೇಕು, ತಲೆಗೂ ಬೇಕು, ಇದಕ್ಕೆ ಬೇಡವೇ?

"ಇದ್ಕೆ ನೀರೇ ಎಣ್ಣೆ ಕಣೋ" ಎಂದು ಅಂಜನಮೂರ್ತಿ ಚೀಲದಿಂದ ಸೀಸೆಗಳನ್ನು ತೆಗೆದ. ಒಂದೇ ಹೊಸ ಬೇರಿಂಗಿನಿಂದ ಕೊಯ್ದ ಎರಡು ಬಳೆ. ನೀರಿನಲ್ಲಿದ್ದದ್ದು ಶಾಫ್ಟಿನ ಮೇಲೆ ಸಲೀಸಾಗಿ ಜಾರಿತು. ನನ್ನ ಹೆಸರಿನ ಸೀಸೆಯದು ಎಣ್ಣೆ ಕುಡಿದು ಊದಿಕೊಂಡಿತ್ತು, ತುದಿಯಲ್ಲೇ ಸಿಕ್ಕಿಕೊಂಡಿತು.

"ಮೊದ್ಲೇ ಬಾಯ್ಬುಟ್ಟು ಹೇಳೋಕೇನಾಗಿತ್ತು?" ಎಂದು ರೇಗಿದೆ.

"ಹೋದ್ಸಲಾನೇ ಹೇಳಿದ್ನಲ್ಲ, ಎಣ್ಣೆ ಬೇಡ ಅಂತ. 'ಬೇಗ ಸವೀಲಿ, ಮತ್ತೆ ಕೆಲ್ಸ ಸಿಗ್ಲಿ ಅಂತ ಹೇಳ್ತವ್ನೆ' ಅಂದೋರ್ಯಾರು?"

ನಾನೇ ಅಂದಿದ್ದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾನುಪ್ರಕಾಶ್. "ಓಡಿಸ್ದ್ಯಾ ಆ ಕಳ್ಳನ್ನ?"

"ಇಲ್ಲ ಸಾರ್. ಎಣ್ಣೆ ಹುಯ್ದು ಕೆಡಿಸ್ದೋನು ನಾನು. ಅವನದೇನೂ ತಪ್ಪಿಲ್ಲ."

"ಹಂಗಾದ್ರೆ ನಾಳೆಯಿಂದ ಬರ್ಬೇಡ. ಬೇರೆಯೋನ್ನ ನೋಡ್ಕೋತೀನಿ."

ಅಂಜನಮೂರ್ತಿ ಫೋನು ಕಿತ್ತುಕೊಂಡ. "ಸಾರ್, ಬೇರೆಯೋನು ಬಂದ್ರೆ ಅವನೂ ಹುಯ್ತಾನೆ. ನಮ್ ತೆಂಗಿನ ಸೀಮೇಲಿ ಇನ್ಮೇಲೆ ಎಣ್ಣೆ ಹುಯ್ಯದೇ ಇರೋನು ಅಂದ್ರೆ ಇವನೊಬ್ನೇ."

ಆ ಕಡೆಯಿಂದ, "ಸರಿ ಬುಡು. ಭಾನುವಾರಕ್ಕೆ ದೋಣಿ ರೆಡಿ ಇರ್ಲಿ" ಎಂಬ ಮಾತು ಕೇಳಿಸಿತು.

ಅಂಜನಮೂರ್ತಿ ಹೊಸ ಬೇರಿಂಗನ್ನು ನನ್ನ ಕೈಗಿತ್ತ. "ತಗೋ, ನೀನೇ ಹಾಕು. ಆಮೇಲೆ ಅನುಮಾನ ಬೇಡ."

ನಾನು ಮೊದಲು ಅದನ್ನು ಮೂಸಿ ನೋಡಿದೆ.