ಗೂಡು ತೆಗೆಯುವುದು

ನಾನು ವಿದ್ಯುತ್ ಉಪಕೇಂದ್ರಗಳ ರಿಲೇ ಪರೀಕ್ಷಿಸುವ ಎಂಜಿನಿಯರ್. ಲೈನಿನಲ್ಲಿ ಏನಾದರೂ ದೋಷ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುವಂತೆ ಮಾಡುವ ಪೆಟ್ಟಿಗೆಗೆ ರಿಲೇ ಎನ್ನುತ್ತಾರೆ. ಆದೋನಿಯಿಂದ ಪತ್ತಿಕೊಂಡ, ದೇವನಕೊಂಡದ ಕಡೆ ಜೀಪಿನಲ್ಲಿ ಹೊರಟರೆ ಪರೀಕ್ಷೆಯ ಸಾಮಾನು ಹಿಂದಿನ ಸೀಟಿನಲ್ಲಿ, ಕ್ಯಾಮೆರಾ ನನ್ನ ಮಡಿಲಲ್ಲಿ. ಈ ಸೀಮೆಯಲ್ಲಿ ಕಾಡಿಲ್ಲ, ನೀರೂ ಅಷ್ಟಕ್ಕಷ್ಟೆ. ಹೊಲ, ಬೋಳು ಗುಡ್ಡ, ಮತ್ತೆ ಹೊಲ. ಮರವಿಲ್ಲದ ಕಡೆ ಹಕ್ಕಿ ಎಲ್ಲಿ ಕೂರಬೇಕು? ನಮ್ಮ ತಂತಿಯ ಮೇಲೆ. ಹೀಗಾಗಿ ನನ್ನ ಹೊಟ್ಟೆಪಾಡೂ ಹುಚ್ಚೂ ಒಂದೇ ಟವರಿನ ಕೆಳಗೆ ನಡೆಯುತ್ತವೆ.

ಅಮ್ಮನಿಗೆ ಇದು ಕಾಗಕ್ಕ ಗುಬ್ಬಕ್ಕನ ಆಟ. "ಮದುವಿ ಮನಿಗೆ ಕ್ಯಾಮೆರಾ ತಗೊಂಡು ಬಾ ಅಂದ್ರ ಮರೀತಾಳ, ಹಕ್ಕಿ ಅಂದ್ರ ಊಟ ಬಿಟ್ಟು ಓಡ್ತಾಳ" ಎಂದು ಬಂದವರೆದುರು ಆಡಿಕೊಳ್ಳುತ್ತಾಳೆ. ನಗುತ್ತೇನೆ. ಆದರೆ ಒಳಗೆ ನನಗೊಂದು ಜಂಬವಿತ್ತು: ನಮ್ಮ ಇಲಾಖೆಯಲ್ಲಿ ಗೂಡನ್ನು ಗೂಡು ಎಂದು ನೋಡುವವಳು ನಾನೊಬ್ಬಳೇ, ಉಳಿದವರಿಗೆಲ್ಲ ಅದು ಲೈನ್ ಟ್ರಿಪ್ ಮಾಡಿಸುವ ಕಸ.

ಒಂದು ಬೇಸಿಗೆಯ ಆರಂಭದಲ್ಲಿ, ಪತ್ತಿಕೊಂಡ ಲೈನಿನ ಒಂದು ಟವರಿನಲ್ಲಿ ಕಾಗೆ ಬಿಟ್ಟುಹೋದ ಗೂಡಿನೊಳಗೆ ಚಾಣ ಎಂಬ ಬೇಟೆಹಕ್ಕಿಯ ಜೋಡಿಯೊಂದು ಸೇರಿಕೊಂಡಿತ್ತು. ಇಟ್ಟಿಗೆ ಬಣ್ಣದ ತಲೆ, ಬೂದು ರೆಕ್ಕೆ. ಹೆಣ್ಣು ಗೂಡು ಬಿಟ್ಟು ಏಳುತ್ತಿರಲಿಲ್ಲ. ಅಂದರೆ ಮೊಟ್ಟೆ ಇಟ್ಟಿದೆ. ಇಷ್ಟು ವರ್ಷ ಹುಡುಕಿದ್ದು ಕೊನೆಗೂ ಸಿಕ್ಕಿತೆಂದು ಜೀಪಿನಲ್ಲಿ ಕೂತೇ ಕಣ್ಣು ತುಂಬಿಬಂತು. ರಜೆಯ ದಿನ ಬೆಳಗಿನ ಎಳೆ ಬೆಳಕಿನಲ್ಲಿ, ದೂರ ನಿಂತು, ನಿಧಾನವಾಗಿ ತೆಗೆಯಬೇಕು ಎಂದುಕೊಂಡೆ. ಅಷ್ಟರಲ್ಲಿ ಯಾರಾದರೂ ಕಿತ್ತುಹಾಕಿದರೆ? ಆ ಲೈನು ನೋಡಿಕೊಳ್ಳುವ ಲೈನ್‌ಮನ್‌ಗೆ ಫೋನ್ ಮಾಡಿದೆ. ವಯಸ್ಸಿನಲ್ಲಿ ನನಗಿಂತ ಹಿರಿಯ, ಹತ್ತಿರದ ಹಳ್ಳಿಯವನು, ಅಣ್ಣಾ ಎಂದೇ ಕರೆಯುತ್ತಿದ್ದೆ.

"ಅಣ್ಣಾ, ಪತ್ತಿಕೊಂಡ ಲೈನಿನಾಗ ಕಾಗಿ ಗೂಡು ಐತಲ್ಲ, ಅದನ್ನ ಐತವಾರ ಮುಂಜಾನೆ ತೆಗೀಬೇಕು. ನಾನು ಬರ್ತೀನಿ. ಸ್ವಲ್ಪ ನೋಡ್ಕೋರಿ."

"ತೆಗೀಲೇಬೇಕೇನ್ರಿ ಮೇಡಂ?"

"ಹೂಂ, ತೆಗೀಲೇಬೇಕು. ಬಿಟ್ರ ಮತ್ತ ಸಿಗಂಗಿಲ್ಲ."

"ಆತ್ರಿ. ನಾನು ನೋಡ್ಕೊಂತೀನಿ."

ಭಾನುವಾರ ಹೊತ್ತು ಮೂಡುವ ಮೊದಲೇ ಹೋಗಿ ನಿಂತೆ. ಬೆಳಕು ಬಂತು, ಟವರ್ ಕಂಡಿತು, ಗೂಡಿರಲಿಲ್ಲ. ತಪ್ಪು ಟವರೇನೋ ಎಂದು ನಂಬರ್ ನೋಡಿದೆ. ಅದೇ. ಎರಡೂ ಹಕ್ಕಿಗಳು ಮೇಲಿನ ಕಬ್ಬಿಣದ ತೋಳಿನ ಮೇಲೆ ಸುಮ್ಮನೆ ಕೂತಿದ್ದವು.

ಫೋನ್ ಮಾಡಿದರೆ ಲೈನ್‌ಮನ್ ಬೈಕಿನಲ್ಲಿ ಹತ್ತೇ ನಿಮಿಷಕ್ಕೆ ಬಂದ. "ನಿನ್ನೆ ಸಂಜಿಮುಂದನ ಲೈನ್ ಬಂದ್ ಮಾಡಿಸಿ ತೆಗದೀನ್ರಿ. ಐತವಾರ ನಿಮಗ್ಯಾಕ ತ್ರಾಸು ಅಂತ" ಎಂದ. ಬೈಕಿನ ಚೀಲದಿಂದ ಟವೆಲ್ಲಿನ ಗಂಟೊಂದನ್ನು ಎರಡು ಕೈಯಲ್ಲಿ ಎತ್ತಿ ಬಿಚ್ಚಿದ. ಮೂರು ಕಂದು ಮೊಟ್ಟೆ. ಬೆರಳಿಟ್ಟೆ. ತಣ್ಣಗಿದ್ದವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ. ನಾನು 'ತೆಗೀಬೇಕು' ಅಂದದ್ದು ಫೋಟೋ. ಅವನು ಕೇಳಿಸಿಕೊಂಡದ್ದು ಗೂಡು. ಈ ಸೀಮೆಯವರಾಡುವ ತೆಲುಗಿನಲ್ಲಿ ಹೇಳಿದ್ದರೂ ಇದೇ ಎಡವಟ್ಟು: ಅಲ್ಲೂ ಫೋಟೋ 'ತೀಯಾಲಿ', ಗೂಡೂ 'ತೀಯಾಲಿ'. ಎಂಜಿನಿಯರ್ ಬಾಯಲ್ಲಿ ಗೂಡು ತೆಗೀಬೇಕು ಎಂದು ಬಂದರೆ ಲೈನ್‌ಮನ್‌ಗೆ ಅದಕ್ಕೆ ಬೇರೆ ಅರ್ಥ ಎಲ್ಲಿದೆ? ಮೊದಲು ಅವನ ಮೇಲೆಯೇ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ದಾರಿ ತಪ್ಪಿಯೇ ಹೊರಡುತ್ತದೆ. "ತತ್ತಿ ಇದ್ದದ್ದು ಕಾಣ್ಲಿಲ್ಲೇನು? ನಾನು ಹೇಳಿದ್ದು ಫೋಟೋ ತೆಗೀಬೇಕು ಅಂತ!" ಎಂದು ಕೂಗಿಬಿಟ್ಟೆ.

ಅವನು ಟವೆಲ್ ಹಿಡಿದುಕೊಂಡೇ ನಿಂತ. ಆಮೇಲೆ, ತಪ್ಪು ಒಪ್ಪಿಕೊಳ್ಳುವವನ ಹಾಗೆ ಮೆಲ್ಲಗೆ ಹೇಳಿದ:

"ಕಂಡ್ವ್ರಿ. ಬಿಸಿ ಇದ್ವು. ತತ್ತಿ ಇದ್ದ ಗೂಡು ನಾವು ಮುಟ್ಟಂಗಿಲ್ರಿ ಮೇಡಂ. ತಂತಿಗೆ ತಾಗೋ ಕಡ್ಡಿ ಅಷ್ಟ ಕತ್ತರಿಸ್ತೀವಿ. ಮರಿ ಹಾರೋತನಕ ರಿಜಿಸ್ಟರಿನಾಗ ಗೂಡಿಲ್ಲ ಅಂತ ಬರೀತೀವಿ. ನನಗ ಕೆಲಸ ಕಲಿಸಿದಾತನೂ ಹಂಗ ಮಾಡ್ತಿದ್ದ. ಅದಕ್ಕ ನಿಮ್ಮನ್ನ ಕೇಳಿದ್ನಿ, ತೆಗೀಲೇಬೇಕೇನ್ರಿ ಅಂತ."

ಅವನ ಕೈಯಿಂದ ಟವೆಲ್ ಇಸಿದುಕೊಂಡೆ. "ತಪ್ಪು ನಂದು ಅಣ್ಣಾ" ಎಂದೆ. ಅವನು ತಲೆಯಾಡಿಸಿದ, ಆದರೆ ನನ್ನ ಕಡೆ ನೋಡಲಿಲ್ಲ. ಅವನು ಕೆಲಸಕ್ಕೆ ಸೇರಿದಾಗಿನಿಂದ ಆ ಲೈನಿನಲ್ಲಿ ಮೊಟ್ಟೆಯಿದ್ದ ಗೂಡು ಕೆಳಗಿಳಿದದ್ದು ಅದೊಂದೇ ಸಲ, ಅದೂ ನಾನು ಹೇಳಿದ್ದಕ್ಕೆ.