ಆಯದ ಪ್ರೋಗ್ರಾಮು ಅಳಿಸಿದ ದಿನ

ಇಮ್ತಿಯಾಜ್, ಲಿನಕ್ಸ್‌ನಲ್ಲಿ ಓಡುವುದಿಲ್ಲ ಎಂದು ಶಿವಮೊಗ್ಗದ ಅಂಗಡಿಯವರು ಹೇಳಿಯೇ ಇರಲಿಲ್ಲ. ನಾವು ಕೊಳ್ಳಬೇಕೆಂದಿದ್ದ ಡ್ರಾಯಿಂಗ್ ಸಾಫ್ಟ್‌ವೇರ್ ನನ್ನ ವಿಂಡೋಸ್‌ನಲ್ಲೂ ಓಡುತ್ತಿತ್ತು, ನಿನ್ನ ಲಿನಕ್ಸ್‌ನಲ್ಲೂ ಓಡುತ್ತಿತ್ತು. ಕಿವಿಯಾರೆ ಕೇಳಿ ಬಂದೆ. ಬಂದು ನಿನಗೆ ಸುಳ್ಳು ಹೇಳಿದೆ.

ಇಷ್ಟು ಒಪ್ಪಿಕೊಳ್ಳಲು ಇಷ್ಟು ವರ್ಷ ಹಿಡಿಯಿತು. ನಿನ್ನೆದುರು ಕೂತು ಹೇಳುವ ಎದೆಗಾರಿಕೆ ಇನ್ನೂ — ಅದಕ್ಕೇ ಮೊದಲು ಹೀಗೆ, ಒಬ್ಬನೇ ಕೂತು ಬರೆಯುತ್ತಿದ್ದೇನೆ.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದೆ, ಟೈಲರ್ ಅಂಗಡಿಯ ಮೇಲಿನ ಆ ಒಂಟಿ ರೂಮು ನೆನಪಿದೆಯಾ? ಡಿಪ್ಲೊಮಾ ಮುಗಿಸಿದವರೇ ಇಬ್ಬರೂ ಸೇರಿ, ಮನೆ ಪ್ಲಾನ್ ಬರೆದುಕೊಡುತ್ತೇವೆ ಎಂದು ಬೋರ್ಡು ಹಾಕಿದೆವು. ಕೆಳಗೆ ಹೊಲಿಗೆ ಯಂತ್ರದ ಸದ್ದು, ಮೇಲೆ ಟ್ರೇಸಿಂಗ್ ಹಾಳೆಯನ್ನು ಬ್ಲೇಡಿನಿಂದ ಕೆರೆಯುವ ಸದ್ದು. ತಪ್ಪು ಗೆರೆಯನ್ನು ನಾನು ಕೆರೆದರೆ ಹಾಳೆಯೇ ತೂತಾಗುತ್ತಿತ್ತು. ನೀನು ಕೆರೆದರೆ ಅಲ್ಲಿ ಗೆರೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಭಾನುವಾರ ನನ್ನ ಬೈಕಿನಲ್ಲಿ ಬಂದಳಿಕೆಗೆ ಹೋಗಿ, ಹಳೆಯ ಗುಡಿಯ ಕಂಬಗಳನ್ನು ಸುಮ್ಮನೆ ಟೇಪು ಹಿಡಿದು ಅಳೆಯುತ್ತಿದ್ದೆವು. ಯಾಕೆಂದು ಯಾರಾದರೂ ಕೇಳಿದರೆ ನೀನು ಗಂಭೀರವಾಗಿ, "ರಿಪೇರಿಗೆ ಎಸ್ಟಿಮೇಟ್ ಕೊಡ್ಬೇಕ್ರೀ" ಅನ್ನುತ್ತಿದ್ದೆ. ಅಷ್ಟು ನಕ್ಕ ದಿನಗಳು ಆಮೇಲೆ ನನಗೆ ಬರಲಿಲ್ಲ.

ನಮ್ಮನ್ನು ಗೋಳು ಹೊಯ್ದುಕೊಂಡದ್ದು ಆಯ. ಯಜಮಾನನ ಹೆಸರಿಗೆ ಕೂಡಿಬರುವ ಉದ್ದಗಲ ಸಿಗದೆ ನಮ್ಮ ಕಡೆ ಪಾಯ ತೋಡುವವರು ಕಡಿಮೆ. ಪ್ಲಾನೆಲ್ಲ ಮುಗಿದ ಮೇಲೆ ಆನವಟ್ಟಿಯಿಂದ ಒಬ್ಬರು ಬೈಕಿನಲ್ಲಿ ಬಂದು, "ಆಯ ಕೂಡ್ಲಿಲ್ಲ ಕಣ್ರೀ, ಅಗಲ ಏಳಿಂಚು ಕಮ್ಮಿ ಮಾಡ್ಬೇಕಂತೆ" ಅಂದರೆ ತೀರಿತು — ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಮತ್ತೆ ಮೊದಲಿಂದ. ಕಂಪ್ಯೂಟರ್ ಬಂದ ಮೇಲೂ ಈ ಕಾಟ ತಪ್ಪಲಿಲ್ಲ. ನಾನು ಬೈದುಕೊಂಡು ತಿದ್ದುತ್ತಿದ್ದೆ. ನೀನು ಬಿಡುವಾದಾಗಲೆಲ್ಲ ನಿನ್ನ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು, ಅದರಲ್ಲಿ ಮಾತ್ರ ಓಡುವ ಒಂದು ಪ್ರೋಗ್ರಾಮ್ ಬರೆದೆ. ಆಯದ ಉದ್ದಗಲ ಕೊಟ್ಟರೆ ಸಾಕು, ಪ್ಲಾನಿನ ಗೋಡೆಗಳೆಲ್ಲ ತಾವೇ ಸರಿದು ಕೂರುತ್ತಿದ್ದವು.

ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಬಾಗಿಲಲ್ಲೇ ನಿಂತು, "ಸಾಬ್ರು ಇದಾರೇನ್ರೀ?" ನಾನಿದ್ದೇನಲ್ಲ ಅಂದರೆ, "ಇರ್ಲಿ ಬಿಡ್ರೀ, ಸಾಬ್ರೇ ಬರ್ಲಿ" ಎಂದು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ನಾನು ನಗುನಗುತ್ತಲೇ ಅವರಿಗೆ ಚಹಾ ತರಿಸುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು ಇಮ್ತಿಯಾಜ್. ಅದಕ್ಕೆ ಬೇರೆ ಹೆಸರಿಲ್ಲ.

ಒಳ್ಳೆಯ ಸಾಫ್ಟ್‌ವೇರ್ ಒಂದನ್ನು ಕೊಳ್ಳುವಾಗ ನಮ್ಮ ಎರಡು ಕಂಪ್ಯೂಟರ್‌ಗಳೂ ಒಂದೇ ಥರ ಇರಲಿ ಎಂದು ಮಾತಾಯಿತು. ಎರಡೂ ಲಿನಕ್ಸ್ ಆದರೆ ನಿನ್ನ ಪ್ರೋಗ್ರಾಮು ಉಳಿಯುತ್ತಿತ್ತು. ನಾನು ನಿನ್ನ ಪಕ್ಕ ಕೂತು ಅಆಇಈಯಿಂದ ಕಲಿಯಬೇಕಿತ್ತು. ಎರಡೂ ವಿಂಡೋಸ್ ಆದರೆ — ಹೇಳಬೇಕಾಗಿಲ್ಲ. ವಿಚಾರಿಸಿಕೊಂಡು ಬಾ ಎಂದು ನೀನೇ ನನ್ನನ್ನು ಕಳಿಸಿದೆ. "ಎರಡ್ರಲ್ಲೂ ಓಡುತ್ತೆ ಸಾರ್, ನಿಮ್ಗೆ ಯಾವ್ದು ರೂಢಿನೋ ಅದ್ರಲ್ಲಿ ಹಾಕ್ಕೊಳ್ಳಿ" ಅಂದರು ಅಂಗಡಿಯವರು. ವಾಪಸು ಬರುವ ಬಸ್ಸಿನಲ್ಲಿ ಆ ಮಾತನ್ನು ನುಂಗಿಬಿಟ್ಟೆ.

"ಲಿನಕ್ಸಲ್ಲಿ ಓಡಲ್ವಂತೆ ಮಾರಾಯ."

"ಹೌದಾ? ನೀನೇ ಕೇಳ್ಕಂಡ್ ಬಂದೀಯಲ್ಲ, ಆಯ್ತು ಬಿಡು" ಅಂದೆ ನೀನು. ಒಂದು ಫೋನು ಮಾಡಿ ಖಾತ್ರಿ ಮಾಡಿಕೊಳ್ಳಬಹುದಿತ್ತು. ಮಾಡಲಿಲ್ಲ. ನನ್ನ ಮಾತಿಗೆ ಸಾಕ್ಷಿ ಬೇಕೆಂದು ನಿನಗೆ ಹೊಳೆಯಲೇ ಇಲ್ಲ.

ನಿನ್ನ ಕಂಪ್ಯೂಟರ್ ಖಾಲಿ ಮಾಡಿ ವಿಂಡೋಸ್ ಹಾಕುವ ಮುಂಚೆ ನನ್ನ ಕಡೆ ತಿರುಗಿ ಕೇಳಿದೆ: "ಆಯದ್ದು ಎತ್ತಿಟ್ಕಳ್ಲಾ, ಬ್ಯಾಡ್ವಾ?"

"ಓಡ್ದೇ ಇರೋದನ್ನ ಇಟ್ಕಂಡು ಏನ್ ಉಪ್ಪಿನಕಾಯಿ ಹಾಕ್ತೀಯಾ?" ಅಂದೆ ನಾನು.

ನೀನು ನಕ್ಕೆ. ನಕ್ಕು, ಎಲ್ಲವನ್ನೂ ಅಳಿಸಿದೆ. ಸುಳ್ಳಿಗಿಂತ ಈ ತಮಾಷೆಯೇ ನನ್ನನ್ನು ಹೆಚ್ಚು ಕಾಡಿದೆ. ಸುಳ್ಳನ್ನು ಅಳುಕುತ್ತ ಹೇಳಿದ್ದೆ; ಇದನ್ನು ಹಾಯಾಗಿ ಹೇಳಿದೆ.

ಆ ಪ್ರೋಗ್ರಾಮನ್ನು ವಿಂಡೋಸ್‌ನಲ್ಲಿ ಮತ್ತೆ ಬರೆಯಲು ನೀನು ಕೂತೆ, ಎದ್ದೆ, ಮತ್ತೆ ಕೂತೆ. "ಮನ್ಸೇ ಬರ್ತಿಲ್ಲ ಕಣೋ" ಅಂದೆ. ಆಮೇಲೆ ಸೈಟು ನೋಡಿಕೊಳ್ಳುತ್ತೇನೆಂದು ಹೊರಗೇ ಹೆಚ್ಚು ಇರತೊಡಗಿದೆ. ಬಂದವರು ನನ್ನ ಎದುರು ಕೂರತೊಡಗಿದರು. ಒಂದು ದಿನ ನೀನು, ಸೊರಬದಲ್ಲಿ ಪ್ಲೈವುಡ್ ಅಂಗಡಿ ಹಾಕುತ್ತೇನೆ ಅಂದೆ. ಬೇಡ ಎಂಬ ಒಂದು ಮಾತೂ ನನ್ನ ಬಾಯಿಂದ ಬರಲಿಲ್ಲ. ಈಗಲೂ ಅಂಗಡಿಗೆ ಬಂದವರಿಗೆ, "ಪ್ಲಾನ್ ಬೇಕಂದ್ರೆ ಶಿಕಾರಿಪುರದ ಲೋಕೇಶನ ಹತ್ರಾನೇ ಹೋಗ್ರೀ" ಎಂದು ಹೇಳಿ ಕಳಿಸುತ್ತೀಯ. ಅವರು ನಿನ್ನ ಹೆಸರು ಹೇಳಿಕೊಂಡು ಮೆಟ್ಟಿಲು ಹತ್ತಿ ಬಂದಾಗಲೆಲ್ಲ —

ಹೋದ ವಾರ ನೀನೇ ಬಂದೆ. ಸೊರಬದಲ್ಲಿ ಮನೆ ಕಟ್ಟಲು ಜಾಗ ತಗೊಂಡಿದ್ದೀಯ. "ನನ್ ಮನೆ ಪ್ಲಾನ್ ನೀನೇ ಬರೀಬೇಕು. ನಂಗೆ ಗೆರೆ ಎಳೆಯೋದೇ ಮರ್ತೋಗಿದೆ ಮಾರಾಯ" ಅಂದೆ. ದನಿಯಲ್ಲಿ ಕೊಂಕಿರಲಿಲ್ಲ, ಹಳೆಯ ಸಲಿಗೆಯೇ ಇತ್ತು. ನಾನು ಹೂಂ ಅಂದೆ.

ನೀನು ಹೋದ ಮೇಲೆ ಕೂತು ನಾಲ್ಕು ಹೊರಗೋಡೆ ಎಳೆದೆ. ಮುಂದಕ್ಕೆ ಕೈ ಏಳಲಿಲ್ಲ. ನಿನಗೆ ಗೆರೆ ಮರೆತದ್ದಲ್ಲ, ನಾನು ಮರೆಸಿದ್ದು. ನಿನ್ನ ಕೈಯ ಕೆಲಸವನ್ನು ಕಿತ್ತುಕೊಂಡವನೇ ನಿನ್ನ ಮನೆಯ ಪ್ಲಾನ್ ಬರೆಯುವುದೆಂದರೆ — ಅಷ್ಟು ನಾಚಿಕೆಗೆಟ್ಟವನಾಗಲು ನನ್ನಿಂದ ಆಗಲಿಲ್ಲ.

ಭಾನುವಾರ ಸೊರಬಕ್ಕೆ ಬರುತ್ತೇನೆ. ಪ್ಲಾನ್ ತರುವುದಿಲ್ಲ. ಇಲ್ಲಿ ಬರೆದದ್ದನ್ನು ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ. ಆಮೇಲೆ ಆ ಮನೆಯ ಪ್ಲಾನನ್ನು ಯಾರ ಕೈಯಲ್ಲಿ ಬರೆಸುತ್ತೀಯೋ ನಿನಗೆ ಬಿಟ್ಟದ್ದು. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.